400 ಮೆಗಾಹರ್ಟ್ಸ್‌ನಲ್ಲಿ ನಿಂತುಹೋದ ಲ್ಯಾಪ್‌ಟಾಪ್: ಬದಿಯಡ್ಕದ ಒಂದು ಪ್ರಕರಣ

ಡಿಸೆಂಬರ್ ಮೊದಲ ವಾರ. ಕ್ರಿಸ್‌ಮಸ್ ಪರೀಕ್ಷೆ ಹತ್ತಿರ ಬಂದಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವ ಒಬ್ಬರು ಟೀಚರ್ ತಮ್ಮ ಸ್ವಂತ ಲ್ಯಾಪ್‌ಟಾಪನ್ನು ನನ್ನ ರಿಪೇರಿ ಅಂಗಡಿಗೆ ತಂದರು. ಡಿಗ್ರಿ ಓದುವ ಮಗ ಜೊತೆಗಿದ್ದ.

“ಸ್ವಲ್ಪ ನೋಡಿ ಮಾರಾಯ್ರೆ. ಟೈಪ್ ಮಾಡಿದರೆ ಅಕ್ಷರ ಬರುವುದೇ ಇಲ್ಲ. ‘ರಾಷ್ಟ್ರ’ ಅಂತ ಹೊಡೆದರೆ ‘ಷ’ ಬಂದು ನಿಲ್ತದೆ, ಒತ್ತು ಆಮೇಲೆ ಬರುವುದು. ಈ ಸಿಸ್ಟಮ್ ಕನ್ನಡಕ್ಕೆ ಆಗುವುದಿಲ್ಲ, ಕನ್ನಡ ಫಾಂಟ್ ಭಾರ ಅಂತ ಎಲ್ಲರೂ ಹೇಳ್ತಾರೆ. ಹೌದಾ?”

ಆ “ಹೌದಾ” ನನಗೆ ನಾಟಿತು. ಅವರು ಅಭ್ಯಾಸ ಹಾಳೆಗಳನ್ನು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಲು ಶುರುಮಾಡಿದ್ದರಂತೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನೇ ಬಿಡುವ ಹಂತ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಇಲ್ಲಿ ಕನ್ನಡದಲ್ಲಿ ಕಲಿಸುವವರಿಗೆ ತಯಾರು ಸಾಮಗ್ರಿ ಯಾವಾಗಲೂ ಕಡಿಮೆ. ಎಷ್ಟೋ ಹಾಳೆಗಳನ್ನು ಅವರೇ ಮಾಡಿಕೊಳ್ಳಬೇಕು. ಅಂಥವರು ಟೈಪಿಂಗ್ ಬಿಟ್ಟರೆ ನಷ್ಟ ಮಕ್ಕಳಿಗೆ. ಅದೂ ಕನ್ನಡದ್ದಲ್ಲದ ತಪ್ಪಿಗೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಯಂತ್ರ

ಎರಡು ವರ್ಷ ಹಿಂದೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಇಂಟೆಲ್ ಐ5-8250ಯು ಪ್ರೊಸೆಸರ್. 4 ಕೋರ್, 8 ಥ್ರೆಡ್, ಅಂದರೆ ಒಂದೇ ಹೊತ್ತಿಗೆ 8 ಕೆಲಸದ ಎಳೆ. ಹೇಳಿಕೊಳ್ಳುವ ಮೂಲ ವೇಗ 1.6 ಗಿಗಾಹರ್ಟ್ಸ್ (1,600 ಮೆಗಾಹರ್ಟ್ಸ್), ಭಾರದ ಕೆಲಸಕ್ಕೆ ಟರ್ಬೋ ಹತ್ತಿದರೆ 3.4ರವರೆಗೆ. 8 ಜಿಬಿ ರಾಮ್, 256 ಜಿಬಿ ಎಸ್‌ಎಸ್‌ಡಿ. ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಗ್ನೂ ಲಿನಕ್ಸ್ 22.04 ಹಾಕಿದ್ದರು. ಅದು ಉಬುಂಟು 22.04ರ ಮೇಲೆ ಕಟ್ಟಿದ ಆವೃತ್ತಿ. ಪಕ್ಕದಲ್ಲೇ ವಿಂಡೋಸ್ 10 ಕೂಡ ಇತ್ತು. ಇದರಲ್ಲಿ ಯಾವುದೂ ಕನ್ನಡ ಟೈಪಿಂಗಿಗೆ ಕಡಿಮೆಯ ಯಂತ್ರ ಅಲ್ಲ.

“ನಿಧಾನ” ಅನ್ನುವ ಮಾತಿಗೆ ಮೊದಲು ಒಂದು ಅಳತೆ ಬೇಕು. ಟೀಚರ ಬಳಿ 42 ಪುಟಗಳ ಕನ್ನಡ ಅಭ್ಯಾಸ ಪುಸ್ತಕದ ಫೈಲ್ ಇತ್ತು. ಅದನ್ನು ಲಿಬ್ರೆಆಫೀಸಿನಲ್ಲಿ ಪಿಡಿಎಫ್ ಮಾಡಿ ನೋಡಿದೆ. 1 ನಿಮಿಷ 52 ಸೆಕೆಂಡು ಹಿಡಿಯಿತು. ಅದೇ ಫೈಲನ್ನು ನನ್ನ ಅಂಗಡಿಯ ಅದೇ ತಲೆಮಾರಿನ ಲ್ಯಾಪ್‌ಟಾಪಿನಲ್ಲಿ ಮಾಡಿದಾಗ 15 ಸೆಕೆಂಡು. ಫಾಂಟ್ ಅದೇ, ಲಿಬ್ರೆಆಫೀಸ್ ಅದೇ, ಕನ್ನಡವೂ ಅದೇ.

ಫಾಂಟ್ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು. ಆದರೂ ಅವರ ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಕನ್ನಡದ ಒತ್ತಕ್ಷರವನ್ನು ತೆರೆಯ ಮೇಲೆ ಕೂಡಿಸಲು ಇಂಗ್ಲಿಷ್ ಅಕ್ಷರಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ ಇದೆ. ಷ, ಟ, ರ ಮೂರನ್ನೂ ನೋಡಿ, ಯಾವುದು ಕೆಳಗೆ ಹೋಗಬೇಕು, ಯಾವ ಆಕಾರದಲ್ಲಿ ಹೋಗಬೇಕು ಎಂದು ತೀರ್ಮಾನಿಸಬೇಕು. ಲಿಬ್ರೆಆಫೀಸಿನಲ್ಲಿ ಆ ಕೆಲಸ ಹಾರ್ಫ್‌ಬಝ್ ಎಂಬ ಲೈಬ್ರರಿಯದ್ದು. ಪ್ರೊಸೆಸರ್ ಸರಿ ಇದ್ದರೆ ಇದು ಗಮನಕ್ಕೇ ಬರುವುದಿಲ್ಲ. ಪ್ರೊಸೆಸರ್ ತೆವಳುತ್ತಿದ್ದರೆ ಆ ಚಿಕ್ಕ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಕನ್ನಡ ಬರೆಯುವವರಿಗೆ ಇಂಥ ತೊಂದರೆ ಮೊದಲು ಗೊತ್ತಾಗುತ್ತದೆ. ಗೊತ್ತಾಗುವ ಜಾಗವೇ ಬೇರೆ, ಕಾರಣವೇ ಬೇರೆ.

ನಾನು ಮೊದಲು ಎಡವಿದ ಜಾಗ

ರಾಮ್ ನೋಡಿದೆ, ಅರ್ಧಕ್ಕಿಂತ ಹೆಚ್ಚು ಖಾಲಿ. ಎಸ್‌ಎಸ್‌ಡಿಯ ಆರೋಗ್ಯ ವರದಿ ನೋಡಿದೆ, ಕೆಟ್ಟ ಬ್ಲಾಕ್ ಇಲ್ಲ. ಟರ್ಮಿನಲ್‌ನಲ್ಲಿ ಪ್ರೊಸೆಸರ್ ವೇಗ ನೋಡಿದರೆ 400 ಮೆಗಾಹರ್ಟ್ಸ್ ಎಂದು ತೋರಿಸಿತು. ವೇಗ ಹೇಗೆ ಏರಿಳಿಯಬೇಕು ಎಂದು ಹೇಳುವ ಗವರ್ನರ್ ಯಾವುದು ಎಂದು ನೋಡಿದೆ. ‘ಪವರ್‌ಸೇವ್’ ಎಂದಿತ್ತು.

ಸಿಕ್ಕಿತು ಅಂದುಕೊಂಡೆ. ‘ಪವರ್‌ಸೇವ್’ ತೆಗೆದು ‘ಪರ್ಫಾರ್ಮೆನ್ಸ್’ ಮಾಡಿದೆ. ಏನೂ ಬದಲಾಗಲಿಲ್ಲ. ರೀಬೂಟ್ ಮಾಡಿದೆ, ಇನ್ನೊಮ್ಮೆ ಮಾಡಿದೆ, ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಮಾಡಿದೆ. ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಕಳೆಯಿತು. ಅಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಎರಡೂ ತುಂಬ ಜನ ಮಾಡುವ ತಪ್ಪುಗಳೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಕೆಲಸ ಇಲ್ಲದ ಹೊತ್ತಿನಲ್ಲಿ ವೇಗ ನೋಡಿದ್ದು. ಸುಮ್ನೆ ಕೂತ ಪ್ರೊಸೆಸರ್ 400ರಲ್ಲಿ ಇರುವುದು ರೋಗ ಅಲ್ಲ, ಅದು ಒಳ್ಳೆಯ ಗುಣ. ಬ್ಯಾಟರಿ ಉಳಿಯುತ್ತದೆ, ಬಿಸಿ ಕಡಿಮೆ. ಕೆಲಸ ಕೊಟ್ಟಾಗ ಎಲ್ಲಿಗೆ ಏರುತ್ತದೆ ಎಂಬುದೇ ಪ್ರಶ್ನೆ.

ಎರಡನೆಯದು, ‘ಪವರ್‌ಸೇವ್’ ಎಂಬ ಹೆಸರನ್ನು ನಂಬಿದ್ದು. ಪ್ರೊಸೆಸರ್ ವೇಗ ನೋಡಿಕೊಳ್ಳಲು ಹಳೆಯ ಎಸಿಪಿಐ ಡ್ರೈವರ್ ಇದ್ದ ಕಾಲದಲ್ಲಿ ಆ ಗವರ್ನರ್ ಅಂದರೆ ವೇಗವನ್ನು ಕೆಳಮಿತಿಯಲ್ಲೇ ಹಿಡಿದಿಡುವುದು. ಆದರೆ 2013ರಲ್ಲಿ ಕರ್ನಲ್ 3.9ರ ಜೊತೆ ಇಂಟೆಲ್ ಪಿ-ಸ್ಟೇಟ್ ಎಂಬ ಡ್ರೈವರ್ ಬಂತು. ಅದು ತನ್ನ ಮಾಮೂಲಿ ರೀತಿಯಲ್ಲಿ ಓಡುವಾಗ ಎರಡೇ ಹೆಸರು ತೋರಿಸುತ್ತದೆ: ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ಈ ಪವರ್‌ಸೇವ್ ಕೆಲಸ ಬಂದಾಗ ವೇಗ ಏರಿಸುತ್ತದೆ, ಕೆಲಸ ಮುಗಿದಾಗ ಇಳಿಸುತ್ತದೆ. ಹೆಸರು ಹಳೆಯದು, ನಡತೆ ಬೇರೆ. ಪವರ್‌ಸೇವ್ ಎಂದು ಕಂಡ ಕೂಡಲೇ ಅದನ್ನು ದೂರಬಾರದು. ಇಂದಿನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಅದೇ ಸಹಜ ಸ್ಥಿತಿ.

ವೇಗ ಯಾರ ಕೈಯಲ್ಲಿದೆ

ಆ ರಾತ್ರಿ ಮನೆಗೆ ಹೋಗಿ ಶುರುವಿನಿಂದ ಯೋಚಿಸಿದೆ. ನಾನು ‘ಹೇಗೆ ಏರಿಸುವುದು’ ಎಂದು ಹುಡುಕುತ್ತಿದ್ದೆ. ಕೇಳಬೇಕಾದ್ದು ಅದಲ್ಲ. ‘ಇಳಿಸು ಎಂದು ಹೇಳಿದ್ದು ಯಾರು’ ಎಂದು ಕೇಳಬೇಕಿತ್ತು.

ಆಪರೇಟಿಂಗ್ ಸಿಸ್ಟಮ್ ವೇಗವನ್ನು ನಿರ್ಧರಿಸುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ನಿಜವಾಗಿ ಅದು ಬೇಡಿಕೆ ಸಲ್ಲಿಸುತ್ತದೆ, ಅಷ್ಟೆ. 2015ರ ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳಿಂದ ಈಚೆಗೆ ಸೂಕ್ಷ್ಮ ಏರಿಳಿತವನ್ನು ಪ್ರೊಸೆಸರೇ ನೋಡಿಕೊಳ್ಳುತ್ತದೆ. ಲಿನಕ್ಸ್ ಮೇಲಿನ ಗಡಿ, ಕೆಳಗಿನ ಗಡಿ ಮತ್ತು ಒಲವು ಹೇಳುತ್ತದೆ: ವೇಗ ಮುಖ್ಯವೋ, ಉಳಿತಾಯ ಮುಖ್ಯವೋ ಎಂದು. ಆ ಗಡಿಗಳನ್ನು ಟಿಎಲ್‌ಪಿ, ಪವರ್ ಪ್ರೊಫೈಲ್ಸ್ ಡೀಮನ್, ಥರ್ಮಲ್‌ಡಿ ತರಹದ, ವಿದ್ಯುತ್ತು ಮತ್ತು ಬಿಸಿ ನಿಭಾಯಿಸುವ ಸೇವೆಗಳು ಹಿಂದಿನಿಂದ ಬದಲಾಯಿಸಬಹುದು. ಅದರ ಕೆಳಗೆ ಬಯಾಸ್ ಇದೆ, ಯಂತ್ರ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಮ್; ಅದೂ ಗಡಿ ಹಾಕಬಹುದು. ಪ್ರೊಸೆಸರಿಗೆ ತನ್ನದೇ ಬಿಸಿಯ ಲೆಕ್ಕ, ವ್ಯಾಟ್‌ಗಳ ಲೆಕ್ಕ ಇದೆ.

ಎಲ್ಲದರ ಕೆಳಗೆ ಒಂದು ತಂತಿ ಇದೆ. ಅದರ ಹೆಸರು ಪ್ರೊಕ್‌ಹಾಟ್. ಪ್ರೊಸೆಸರ್ ತುಂಬ ಬಿಸಿಯಾದರೆ ‘ನಾನು ಸುಡುತ್ತಿದ್ದೇನೆ’ ಎಂದು ಮದರ್‌ಬೋರ್ಡಿಗೆ ತಿಳಿಸಲು ಮಾಡಿದ ಸಂಕೇತ. ಆದರೆ ಅದು ಎರಡೂ ದಿಕ್ಕಿನಲ್ಲಿ ಓಡಬಲ್ಲದು. ಬೋರ್ಡ್ ಕೂಡ ಅದೇ ತಂತಿಯಿಂದ ಪ್ರೊಸೆಸರಿಗೆ ‘ತಗ್ಗು’ ಎಂದು ಹೇಳಬಹುದು. ಆ ಎರಡು ದಿಕ್ಕಿನ ರೂಪಕ್ಕೆ ಬಿ.ಡಿ. ಪ್ರೊಕ್‌ಹಾಟ್ ಎನ್ನುತ್ತಾರೆ. ಬೋರ್ಡ್ ಹಾಗೆ ಹೇಳಿದರೆ ಪ್ರೊಸೆಸರ್ ಬಿಸಿ ಇದೆಯೋ ಇಲ್ಲವೋ ನೋಡುವುದಿಲ್ಲ. ತಕ್ಷಣ ತಳಕ್ಕೆ ಇಳಿಯುತ್ತದೆ. ಮೇಲಿಂದ ಲಿನಕ್ಸ್ ಎಷ್ಟು ಕೇಳಿದರೂ ಏರುವುದಿಲ್ಲ.

ಸಾಕ್ಷಿ

ಮರುದಿನ ಬೆಳಿಗ್ಗೆ 8 ಥ್ರೆಡ್‌ಗೂ ಒಟ್ಟಿಗೆ ಕೆಲಸ ಕೊಟ್ಟು ಟರ್ಬೋಸ್ಟ್ಯಾಟ್ ಓಡಿಸಿದೆ. ಇದು ಕರ್ನಲ್ ಜೊತೆ ಬರುವ ಚಿಕ್ಕ ಸಾಧನ. ಪ್ರೊಸೆಸರ್ ಎಷ್ಟು ಹೊತ್ತು ದುಡಿಯುತ್ತಿದೆ, ದುಡಿಯುವಾಗ ನಿಜವಾದ ವೇಗ ಎಷ್ಟು, ಎಷ್ಟು ಬಿಸಿ, ಎಷ್ಟು ವ್ಯಾಟ್, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ.

ದುಡಿಮೆ ಶೇಕಡಾ 99ಕ್ಕಿಂತ ಮೇಲೆ. ವೇಗ 399 ಮೆಗಾಹರ್ಟ್ಸ್. ಬಿಸಿ 46 ಡಿಗ್ರಿ. ಪ್ರೊಸೆಸರ್ ತೆಗೆದುಕೊಳ್ಳುವ ವಿದ್ಯುತ್ 3 ವ್ಯಾಟ್‌ಗಿಂತ ಕಡಿಮೆ.

ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಓದಬೇಕು. 15 ವ್ಯಾಟ್‌ಗೆ ಮಾಡಿದ ಪ್ರೊಸೆಸರ್ ಪೂರ್ತಿ ದುಡಿಯುವಾಗ 3 ವ್ಯಾಟ್ ಕೂಡ ತಿನ್ನುತ್ತಿಲ್ಲ. ಮೈ ತಣ್ಣಗಿದೆ. ಅಂದರೆ ಬಿಸಿಯ ಕಾರಣಕ್ಕೆ ಇಳಿದದ್ದಲ್ಲ. ಬಿಸಿಯಾಗಿ ಇಳಿದಿದ್ದರೆ 90ರ ಮೇಲೆ ಹೋಗಿ ಇಳಿಯಬೇಕಿತ್ತು. ಬಿಸಿಗೆ ತಗ್ಗಿದ ಸಲಗಳನ್ನು ಕರ್ನಲ್ ಎಣಿಸಿಡುತ್ತದೆ, ಆ ಎಣಿಕೆಯೂ 0. ಫ್ಯಾನ್ ತೆರೆದು, ಬಿಸಿ ದಾಟಿಸುವ ಪೇಸ್ಟ್ ಹಾಕುವ ಕೆಲಸದಿಂದ ಈ ರೋಗ ಗುಣವಾಗುವುದಿಲ್ಲ ಎಂದು ಸ್ಕ್ರೂಡ್ರೈವರ್ ಎತ್ತುವ ಮೊದಲೇ ಗೊತ್ತಾಯಿತು.

ಆಮೇಲೆ ವಿಂಡೋಸ್ ಹಚ್ಚಿದೆ. ಟಾಸ್ಕ್ ಮ್ಯಾನೇಜರ್ 0.39 ಗಿಗಾಹರ್ಟ್ಸ್ ಎಂದಿತು. ಟೀಚರ್ ವಿಂಡೋಸ್ ಬಳಸುವುದೇ ಇಲ್ಲವಾದ್ದರಿಂದ ಅವರಿಗೆ ಇದು ಗೊತ್ತಿರಲಿಲ್ಲ. ಎರಡು ಬೇರೆ ಬೇರೆ ಸಿಸ್ಟಮ್‌ಗಳಲ್ಲೂ ಒಂದೇ ಅಂಕಿ ಬಂದರೆ ತಪ್ಪು ಎರಡರದ್ದೂ ಅಲ್ಲ. ಲಿನಕ್ಸ್ ಮೇಲಿನ ಆರೋಪವೂ ಹೋಯಿತು. ಐದು ನಿಮಿಷದ ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಒಂದೇ ಸಿಸ್ಟಮ್ ಇರುವ ಯಂತ್ರದಲ್ಲಿ ಪೆನ್‌ಡ್ರೈವಿನಿಂದ ಬೇರೆ ಲಿನಕ್ಸ್ ಹಚ್ಚಿ ನೋಡಬಹುದು.

ಕೊನೆಯದಾಗಿ ಪ್ರೊಸೆಸರಿನ ಒಳಗಿನ ರಿಜಿಸ್ಟರ್, ಅಂದರೆ ಅದು ತನ್ನ ಸ್ಥಿತಿಯನ್ನು ಬರೆದಿಡುವ ಚಿಕ್ಕ ಜಾಗ, ಓದಿದೆ. ಇಂಟೆಲ್ ಪ್ರೊಸೆಸರಿನಲ್ಲಿ ಬಿಸಿಯ ಸ್ಥಿತಿ ಹೇಳುವ ರಿಜಿಸ್ಟರಿನ ಸಂಖ್ಯೆ, ಹದಿನಾರರ ಲೆಕ್ಕದಲ್ಲಿ, 19ಸಿ. ಅದರ 0ನೇ ಬಿಟ್ ಪ್ರೊಸೆಸರಿನ ಸ್ವಂತ ಬಿಸಿಗೆ. 2ನೇ ಬಿಟ್ ಹೊರಗಿನವರು ಪ್ರೊಕ್‌ಹಾಟ್ ಎಳೆದಿದ್ದಾರೆಯೇ ಎಂಬುದಕ್ಕೆ. 0ನೇ ಬಿಟ್ ಆರಿತ್ತು. 2ನೇ ಬಿಟ್ ಉರಿಯುತ್ತಿತ್ತು.

ಆಜ್ಞೆ ಬೋರ್ಡಿನಿಂದ ಬರುತ್ತಿದೆ. ಬೋರ್ಡ್ ಯಾಕೆ ಹೆದರಿದೆ?

ತುಲಾ ತಿಂಗಳ ಸಿಡಿಲು

ಸಂಜೆ ಟೀಚರಿಗೆ ಫೋನ್ ಮಾಡಿದೆ.

“ಟೀಚರೇ, ಇದು ಸ್ಲೋ ಆದದ್ದು ಯಾವಾಗಿಂದ? ಅಂದಾಜಿಗೆ ಹೇಳಿ.”

“ದೀಪಾವಳಿ ಕಳೆದ ಮೇಲೆ. ಮೊದಲು ಇಷ್ಟು ಇರಲಿಲ್ಲ.”

“ಆಗ ಮನೆಯಲ್ಲಿ ಎಂತಾದರೂ ಆಗಿತ್ತಾ?”

“ಸಿಡಿಲು ಬಡಿದಿತ್ತಲ್ಲ. ನೆಟ್ಟಿನ ಮೋಡೆಮ್ ಹೋಯಿತು, ಇದರ ಚಾರ್ಜರೂ ಹೋಯಿತು. ಲ್ಯಾಪ್‌ಟಾಪ್ ಬಚಾವಾಯಿತು. ಮತ್ತೆ ಮಗ ಪೇಟೆಯಿಂದ ಬೇರೆ ಚಾರ್ಜರ್ ತಂದ.”

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಕಳೆದರೆ ಮೂಡಣ ಗುಡ್ಡಗಳ ಮೇಲೆ ಕಪ್ಪು ಮೋಡ, ಸಂಜೆಗೆ ಸಿಡಿಲು. ಜೂನಿನ ಮಳೆಗಿಂತ ಈ ತುಲಾವರ್ಷದ ಗುಡುಗಿಗೆ ಜನ ಹೆದರುತ್ತಾರೆ. ಆ ಎರಡು ತಿಂಗಳು ನನ್ನ ಅಂಗಡಿಗೆ ಬರುವ ಸಾಮಾನಿನಲ್ಲಿ ಅರ್ಧ ಸಿಡಿಲಿನದ್ದೇ.

ಈ ಪ್ರಶ್ನೆಯನ್ನು ಮೊದಲ ದಿನ ಕೇಳಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ. ಹಳ್ಳಿಯ ವೈದ್ಯರು ನಾಡಿ ಹಿಡಿಯುವ ಮೊದಲು ‘ಯಾವಾಗಿಂದ’ ಎಂದು ಕೇಳುತ್ತಿದ್ದರು. ನಾನು ನೇರ ಟರ್ಮಿನಲ್ ತೆರೆದಿದ್ದೆ.

ಮಗ ತಂದ ಆ ಚಾರ್ಜರನ್ನು ಎತ್ತಿ ನೋಡಿದೆ. ಮೇಲೆ 19.5 ವೋಲ್ಟ್, 3.34 ಆಂಪಿಯರ್, 65 ವ್ಯಾಟ್ ಎಂದು ಅಚ್ಚಾಗಿತ್ತು. ಮಲ್ಟಿಮೀಟರ್ ಇಟ್ಟರೆ 19.6 ವೋಲ್ಟ್ ತೋರಿಸಿತು. ಈ ಅಂಕಿ ನೋಡಿದ ಯಾರಾದರೂ ‘ಚಾರ್ಜರ್ ಸರಿ ಉಂಟು’ ಎಂದೇ ಹೇಳುತ್ತಾರೆ. ವೋಲ್ಟೇಜಿನ ಮಟ್ಟಿಗೆ ಅದು ಸರಿಯೇ ಇತ್ತು.

ಆದರೆ ಈ ಲ್ಯಾಪ್‌ಟಾಪಿನ ಪಿನ್ ನೋಡಿ. ದುಂಡಗಿನ ಕೊಳವೆಯ ಒಳಗೆ ನಡುವಿನಲ್ಲಿ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ಪಿನ್ ಇದೆ. ಅದು ಕರೆಂಟಿಗಲ್ಲ, ಗುರುತಿಗೆ. ಅಸಲಿ ಚಾರ್ಜರಿನ ಒಳಗೆ ಒಂದು ಚಿಕ್ಕ ಮೆಮೊರಿ ಚಿಪ್ ಇರುತ್ತದೆ. ‘ನಾನು ಇಷ್ಟು ವ್ಯಾಟ್ ಕೊಡಬಲ್ಲೆ’ ಎಂಬ ಮಾತನ್ನು ಅದು ಆ ನಡುವಿನ ಪಿನ್ನಿನ ಮೂಲಕ ಲ್ಯಾಪ್‌ಟಾಪಿಗೆ ಹೇಳುತ್ತದೆ. ಉತ್ತರ ಬರದಿದ್ದರೆ ಬೋರ್ಡಿಗೆ ಈ ಚಾರ್ಜರ್ ಎಷ್ಟು ತಾಳುತ್ತದೆ ಎಂದು ಗೊತ್ತಾಗುವುದಿಲ್ಲ. ಆಗ ಅದು ಎರಡು ಕೆಲಸ ಮಾಡುತ್ತದೆ. ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸುತ್ತದೆ. ಪ್ರೊಸೆಸರಿಗೆ ‘ತಗ್ಗು’ ಎನ್ನುತ್ತದೆ. ಎಲ್ಲ ಕಂಪನಿಗಳ ಯಂತ್ರಗಳೂ ಹೀಗಲ್ಲ. ನಡುವೆ ಸೂಜಿ ಪಿನ್ ಇರುವಲ್ಲಿ ಇದನ್ನು ಮೊದಲು ಸಂಶಯಿಸಬೇಕು.

ಹಾಗಾದರೆ ಯಂತ್ರ ಒಂದು ಮಾತಾದರೂ ಹೇಳಬೇಡವೇ? ಹೇಳಿತ್ತು. ಆನ್ ಮಾಡುವಾಗಲೆಲ್ಲ ಚಾರ್ಜರಿನ ಗುರುತು ಸಿಗುತ್ತಿಲ್ಲ ಎಂದು ಕಪ್ಪು ತೆರೆಯಲ್ಲಿ ಎಚ್ಚರಿಕೆ ಬರುತ್ತಿತ್ತಂತೆ. ಪ್ರತಿಸಲ ಕೀ ಒತ್ತಿ ಮುಂದೆ ಹೋಗಬೇಕಾಗಿತ್ತು. ಅಮ್ಮನಿಗೆ ಕಿರಿಕಿರಿ ಆಗುತ್ತದೆ ಎಂದು ಮಗ ಬಯಾಸಿನೊಳಗೆ ಹೋಗಿ ಆ ಎಚ್ಚರಿಕೆಯನ್ನೇ ಆಫ್ ಮಾಡಿದ್ದ. ಬಯಾಸಿನ ಬ್ಯಾಟರಿ ಪುಟದಲ್ಲಿ ಚಾರ್ಜರಿನ ವಿಧ ‘ಗೊತ್ತಿಲ್ಲ’ ಎಂದೇ ಬರೆದಿತ್ತು. ಆ ಪುಟವನ್ನು ಯಾರೂ ತೆರೆದಿರಲಿಲ್ಲ. ನಾನೂ ತೆರೆದಿರಲಿಲ್ಲ.

ಇನ್ನೊಂದು ಸುಳಿವು ಕೂಡ ಮರೆಯಾಗಿತ್ತು. ಚಾರ್ಜರ್ ಎಳೆದು ಬ್ಯಾಟರಿಯಲ್ಲಿ ಓಡಿಸಿದ್ದರೆ ವೇಗ ತಾನೇ ಏರುತ್ತಿತ್ತು. ಆದರೆ ಬ್ಯಾಟರಿ ವಾರಗಳಿಂದ ಚಾರ್ಜ್ ಆಗಿರಲಿಲ್ಲ. ಶೇಕಡಾ 3ರಲ್ಲಿ ನಿಂತಿತ್ತು. ಪ್ಲಗ್ ಎಳೆದರೆ ಯಂತ್ರ ಆಫ್. ‘ಬ್ಯಾಟರಿ ಹಳತಾಯಿತು’ ಎಂದು ಮನೆಯವರು ತಿಳಿದಿದ್ದರು. ಒಂದು ತಪ್ಪು ಇನ್ನೊಂದು ಸುಳಿವನ್ನು ನುಂಗಿತ್ತು.

ಮೂರು ಸಲ ಮಾಡಿ ನೋಡಿದ್ದು

ನನ್ನ ಹತ್ತಿರ ಅದೇ ಕಂಪನಿಯ ಅಸಲಿ 65 ವ್ಯಾಟ್ ಚಾರ್ಜರ್ ಇತ್ತು. ಟರ್ಬೋಸ್ಟ್ಯಾಟ್ ಓಡುತ್ತಿರುವಾಗಲೇ ಸಿಕ್ಕಿಸಿದೆ. ಎರಡು ಮೂರು ಸೆಕೆಂಡಿನಲ್ಲಿ 399 ಹೋಗಿ 1,700 ಬಂತು. ಬ್ಯಾಟರಿ ದೀಪ ಹತ್ತಿತು. ಒಂದು ಗಂಟೆ ಚಾರ್ಜ್ ಮಾಡಿ, ಚಾರ್ಜರ್ ಪೂರ್ತಿ ಎಳೆದೆ. ವೇಗ ಇಳಿಯಲಿಲ್ಲ. ನಕಲಿ ಚಾರ್ಜರ್ ಸಿಕ್ಕಿಸಿದೆ. ಮತ್ತೆ 399. ಎಳೆದೆ, ಏರಿತು. ಹೀಗೆ ಮೂರು ಸಲ. ಮೂರೂ ಸಲ ಅದೇ.

ಒಮ್ಮೆ ಸರಿಯಾದರೆ ನಾನು ಒಪ್ಪುವುದಿಲ್ಲ. ತಪ್ಪನ್ನು ಬೇಕೆಂದಾಗ ಬರಿಸಿ, ಬೇಕೆಂದಾಗ ಹೋಗಿಸಲು ಆದರೆ ಮಾತ್ರ ಕಾರಣ ಸಿಕ್ಕಿತು ಎನ್ನಬಹುದು. ಗಿರಾಕಿ 20 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗುವ ಊರಿನಲ್ಲಿ ಇದು ಇನ್ನೂ ಮುಖ್ಯ.

ಆದರೆ 1,700 ಯಾಕೆ? ಈ ಪ್ರೊಸೆಸರ್ 3,400ಕ್ಕೆ ಹೋಗಬೇಕು. ಪಿಡಿಎಫ್ ಪರೀಕ್ಷೆ 28 ಸೆಕೆಂಡಿಗೆ ಬಂದಿತ್ತು. ಮೊದಲಿನ 112 ಸೆಕೆಂಡಿಗೆ ಹೋಲಿಸಿದರೆ ಸ್ವರ್ಗ. ಟೀಚರ್ ಆಗಿದ್ದರೆ ಖುಷಿಯಿಂದ ಕೊಂಡುಹೋಗುತ್ತಿದ್ದರು. ನನಗೆ ಮಾತ್ರ ಆ ಅಂಕಿ ಸರಿ ಕಾಣಲಿಲ್ಲ. ಸರಿಯಾಗಿ ಅರ್ಧ. ತಾನಾಗಿ ಆಗುವ ಇಳಿತ ಹೀಗೆ ಅಳೆದು ಕತ್ತರಿಸಿದ ಹಾಗೆ ಇರುವುದಿಲ್ಲ. ಯಾರೋ 50 ಎಂದು ಬರೆದಿರಬೇಕು.

ಬರೆದಿದ್ದರು. ಕೋರ್‌ಗಳ ಗಡಿ ಹೇಳುವ ಫೈಲುಗಳಲ್ಲಿ 3.4 ಎಂದೇ ಇತ್ತು. ಇಂಟೆಲ್ ಪಿ-ಸ್ಟೇಟ್ ಡ್ರೈವರಿಗೆ ಬೇರೆ ಫೋಲ್ಡರಿನಲ್ಲಿ ಒಂದು ಒಟ್ಟು ಗಡಿ ಇದೆ, ಶೇಕಡಾವಾರು ಲೆಕ್ಕದಲ್ಲಿ. ಅಲ್ಲಿ 50 ಇತ್ತು. ರೀಬೂಟ್ ಮಾಡಿದರೂ ಮತ್ತೆ 50 ಬರುತ್ತಿತ್ತು. ಟಿಎಲ್‌ಪಿಯ ಸೆಟ್ಟಿಂಗ್ ಫೈಲಿನಲ್ಲಿ ಚಾರ್ಜರಿನಲ್ಲಿದ್ದಾಗಲೂ, ಬ್ಯಾಟರಿಯಲ್ಲಿದ್ದಾಗಲೂ ಗರಿಷ್ಠ 50 ಎಂದು ಯಾರೋ ಹಾಕಿದ್ದರು.

ಮಗನನ್ನು ಕೇಳಿದೆ. ಹುಡುಗ ಪ್ರಾಮಾಣಿಕ. “ಹೌದಣ್ಣ, ಏಪ್ರಿಲ್‌ನಲ್ಲಿ ನಾನೇ ಹಾಕಿದ್ದು. ಫ್ಯಾನ್ ಜೋರಾಗಿ ತಿರುಗ್ತಿತ್ತು. ಮತ್ತೆ ಮರೆತೇಹೋಯಿತು.” ಅವನ ಮೇಲೆ ನನಗೆ ಸಿಟ್ಟಿಲ್ಲ. ಏಪ್ರಿಲ್ ಸೆಖೆಯಲ್ಲಿ ಅದು ಬುದ್ಧಿವಂತಿಕೆಯ ಉಪಾಯವೇ. ಟೀಚರಿಗೆ ಆಗ 1.7 ಗಿಗಾಹರ್ಟ್ಸ್ ಸಾಕಾಗಿತ್ತು ಕೂಡ. ಮಾಡಿದ ಬದಲಾವಣೆಯನ್ನು ಎಲ್ಲಿಯೂ ಬರೆದಿಡಲಿಲ್ಲ ಎಂಬುದಷ್ಟೇ ಕೊರತೆ. ಅದನ್ನು 100 ಮಾಡಿದೆ. ಪಿಡಿಎಫ್ 14 ಸೆಕೆಂಡಿಗೆ ಇಳಿಯಿತು.

ಟಿಎಲ್‌ಪಿ ಇಟ್ಟುಕೊಂಡರೆ ಪವರ್ ಪ್ರೊಫೈಲ್ಸ್ ಡೀಮನ್ ಓಡಬಾರದು. ಎರಡೂ ಒಂದೇ ಗುಂಡಿಯನ್ನು ತಿರುಗಿಸುತ್ತವೆ. ಇಲ್ಲಿ ಟಿಎಲ್‌ಪಿಯನ್ನೇ ತೆಗೆದುಹಾಕಿದೆ. ಟೀಚರಿಗೆ ಸೆಟ್ಟಿಂಗ್ಸ್ ಒಳಗೆ ಕಣ್ಣಿಗೆ ಕಾಣುವ ‘ಬ್ಯಾಲೆನ್ಸ್ಡ್’ ಆಯ್ಕೆ ಇದ್ದರೆ ಸಾಕು.

ಫ್ಯಾನಿನ ಸದ್ದಿಗೆ ನಿಜವಾದ ಮದ್ದು ಬೇರೆ ಇತ್ತು. ತೆರೆದಾಗ ಬಿಸಿ ಹೊರಹಾಕುವ ಫಿನ್ನುಗಳ ಮುಂದೆ ಮುರಕಲ್ಲಿನ ಕೆಂಪು ಧೂಳು ಹತ್ತಿಯ ಹಾಗೆ ಗಟ್ಟಿ ಕೂತಿತ್ತು. ತೆಗೆದು, ಹೊಸ ಪೇಸ್ಟ್ ಹಾಕಿದೆ.

ಪೂರ್ತಿ ಭಾರ ಹಾಕಿ ಕೊನೆಯ ಸಲ ನೋಡಿದೆ. ಸುಮಾರು ಅರ್ಧ ನಿಮಿಷ ಜೋರಾಗಿ ಓಡಿ, ಆಮೇಲೆ 2.4 ಗಿಗಾಹರ್ಟ್ಸ್ ಹತ್ತಿರ ಇಳಿದು ನಿಂತಿತು. 15 ವ್ಯಾಟ್, 74 ಡಿಗ್ರಿ. ಮಗ ಗಾಬರಿಯಾದ. “ಮತ್ತೆ ಇಳಿಯಿತಲ್ಲ!” ಇದು ತಪ್ಪಲ್ಲ. ಈ ಜಾತಿಯ ಪ್ರೊಸೆಸರ್ ಸ್ವಲ್ಪ ಹೊತ್ತು ಮಿತಿ ದಾಟಿ ಓಡಬಹುದು, ಆಮೇಲೆ ತನ್ನ 15 ವ್ಯಾಟ್ ಒಳಗೆ ಬರಬೇಕು. 8 ಥ್ರೆಡ್‌ಗೂ 3.4 ಗಿಗಾಹರ್ಟ್ಸ್ ಸದಾ ಸಿಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಎಲ್ಲಿ ರಿಪೇರಿ ನಿಲ್ಲಿಸಬೇಕು ಎಂದು ತಿಳಿಯದಿದ್ದರೆ ಸರಿ ಇರುವ ಯಂತ್ರವನ್ನು ಕೆಡಿಸುತ್ತೇವೆ.

“ಒಂದು ಕಮಾಂಡ್ ಉಂಟಲ್ಲ ಅಣ್ಣ”

ಮಗ ಒಂದು ವಿಡಿಯೋ ತೋರಿಸಿದ. 1ಎಫ್‌ಸಿ ಎಂಬ ರಿಜಿಸ್ಟರಿನ 0ನೇ ಬಿಟ್ ಅಳಿಸಿದರೆ ಪ್ರೊಸೆಸರ್ ಹೊರಗಿನ ಪ್ರೊಕ್‌ಹಾಟ್ ಮಾತು ಕೇಳುವುದಿಲ್ಲ. ವಿಂಡೋಸಿನಲ್ಲಿ ಥ್ರಾಟಲ್‌ಸ್ಟಾಪ್ ಎಂಬ ಪ್ರೋಗ್ರಾಮಿನಲ್ಲಿ ಒಂದು ಟಿಕ್ ತೆಗೆದರೆ ಅದೇ ಕೆಲಸ ಆಗುತ್ತದೆ. “ಹೊಸ ಚಾರ್ಜರ್ ಯಾಕೆ? ಇದು ಫ್ರೀ ಅಲ್ವಾ?”

ವಿಡಿಯೋ ಸುಳ್ಳು ಹೇಳುತ್ತಿಲ್ಲ. ವೇಗ ಬರುತ್ತದೆ. ನಾನು ಅವನ ಮುಂದೆಯೇ ಮಾಡಿ ತೋರಿಸಿದೆ. ಸಹಿ ಇರುವ ಸಿಸ್ಟಮನ್ನು ಮಾತ್ರ ಹಚ್ಚಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದಾಗ ಕರ್ನಲ್ ಈ ರಿಜಿಸ್ಟರಿಗೆ ಬರೆಯಲು ಬಿಡಲಿಲ್ಲ. ಓದಲು ಮಾತ್ರ ಬಿಟ್ಟಿತು. ಸೆಕ್ಯೂರ್ ಬೂಟ್ ಆಫ್ ಮಾಡಿ, ನಕಲಿ ಚಾರ್ಜರ್ ಸಿಕ್ಕಿಸಿ, ಬಿಟ್ ಅಳಿಸಿದೆ. 400ರಿಂದ ಏರಿತು. ಬ್ಯಾಟರಿ ಮಾತ್ರ ಚಾರ್ಜ್ ಆಗಲಿಲ್ಲ.

ಹತ್ತು ನಿಮಿಷ ಪೂರ್ತಿ ಭಾರದಲ್ಲಿ ಓಡಿಸಿ, “ಈಗ ಚಾರ್ಜರ್ ಮುಟ್ಟಿ ನೋಡು” ಎಂದೆ. ಮುಟ್ಟಿ ಕೈ ಹಿಂದೆ ತೆಗೆದ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೇಲೆ 65 ವ್ಯಾಟ್ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಒಳಗೆ 65 ವ್ಯಾಟ್ ಇರುವುದಿಲ್ಲ. ಬೋರ್ಡ್ ಹೆದರಿದ್ದು ಸುಮ್ನೆ ಅಲ್ಲ. ಪರೀಕ್ಷೆಗೆ ಒಂದು ನಿಮಿಷ ಆ ಬಿಟ್ ಅಳಿಸುವುದು ಸರಿ. ಕಾರಣ ಖಚಿತ ಮಾಡಿಕೊಳ್ಳಲು ಅದು ಉಪಯೋಗಿ. ಬೂಟ್ ಆದಾಗಲೆಲ್ಲ ತಾನೇ ಅಳಿಸುವ ಹಾಗೆ ಮಾಡಿ ಗಿರಾಕಿಗೆ ಕೊಡುವುದನ್ನು ನಾನು ಮಾಡುವುದಿಲ್ಲ. ಈ ಯಂತ್ರ ರಾತ್ರಿ ಮರದ ಮೇಜಿನ ಮೇಲೆ, ಮಕ್ಕಳ ಪುಸ್ತಕಗಳ ನಡುವೆ ಚಾರ್ಜಿಗೆ ಇರುತ್ತದೆ. ಬೋರ್ಡಿನಲ್ಲೇ ಸೆನ್ಸರ್ ಕೆಟ್ಟು ಸುಳ್ಳು ಸಂಕೇತ ಕೊಡುವ ಯಂತ್ರಗಳೂ ಇವೆ. ಅಲ್ಲಿ ಯೋಚನೆ ಬೇರೆ. ಸಂಕೇತ ನಿಜ ಎಂದು ತಿಳಿದ ಮೇಲೆ ಅದರ ಬಾಯಿ ಮುಚ್ಚಿಸುವುದು ರಿಪೇರಿ ಅಲ್ಲ. ರಿಜಿಸ್ಟರನ್ನು ಮೊದಲಿದ್ದ ಹಾಗೆ ಮಾಡಿ, ಸೆಕ್ಯೂರ್ ಬೂಟ್ ಆನ್ ಮಾಡಿದೆ. ಬಯಾಸಿನ ಚಾರ್ಜರ್ ಎಚ್ಚರಿಕೆಯನ್ನೂ ಆನ್ ಮಾಡಿದೆ.

ಅಸಲಿ ಚಾರ್ಜರ್ ಮಂಗಳೂರಿನಿಂದ ಬರಲು ಮೂರು ದಿನ ಹಿಡಿಯಿತು. ಅಲ್ಲಿವರೆಗೆ ನನ್ನದನ್ನೇ ಕೊಟ್ಟು ಕಳಿಸಿದ್ದೆ, ಪರೀಕ್ಷೆಯ ಹಾಳೆಗಳು ಕಾಯುತ್ತಿದ್ದವು. ಲ್ಯಾಪ್‌ಟಾಪಿನ ಚೀಲದಲ್ಲಿ ಒಂದು ಹಾಳೆ ಇಟ್ಟೆ. ಅದರಲ್ಲಿ ಕನ್ನಡದಲ್ಲಿ ಬರೆದದ್ದು ಇಷ್ಟೇ: 42 ಪುಟದ ಪಿಡಿಎಫ್, 14 ಸೆಕೆಂಡು, ಬಯಾಸಿನಲ್ಲಿ ಚಾರ್ಜರ್ 65 ವ್ಯಾಟ್, ಗರಿಷ್ಠ ಗಡಿ 100, ಮೋಡ ಕಟ್ಟಿದರೆ ಸ್ವಿಚ್ ಆಫ್ ಸಾಲದು, ಪ್ಲಗ್ಗೇ ಎಳೆಯಬೇಕು, ನೆಟ್ಟಿನ ವೈರೂ ಎಳೆಯಬೇಕು.

ಜನವರಿಯಲ್ಲಿ ಟೀಚರ್ ಮತ್ತೆ ಬಂದರು. ಕೈಯಲ್ಲಿ ಮುದ್ರಿಸಿದ ಅಭ್ಯಾಸ ಪುಸ್ತಕ ಇತ್ತು, 42 ಪುಟ ಈಗ 60 ಆಗಿತ್ತು. ಜೊತೆಗೆ ಸಹೋದ್ಯೋಗಿಗಳ ಎರಡು ಲ್ಯಾಪ್‌ಟಾಪ್. “ಇದರಲ್ಲೂ ಕನ್ನಡ ಸ್ಲೋ ಅಂತೆ. ನಾನು ಹೇಳಿದೆ, ಕನ್ನಡಕ್ಕೆ ಎಂತ ಆಗುವುದಿಲ್ಲ, ತೋರಿಸುವ ಅಂತ.” ಒಂದರಲ್ಲಿ ಹಳೆಯ ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಇನ್ನೊಂದು ಪೂರ್ತಿ ಭಾರದಲ್ಲೂ 800 ಮೆಗಾಹರ್ಟ್ಸ್ ದಾಟುತ್ತಿಲ್ಲ. ಅದರ ಚಾರ್ಜರ್ ಅಸಲಿಯೇ. ನಾಳೆ ಬೆಳಿಗ್ಗೆ 19ಸಿ ಓದಿ ಶುರುಮಾಡುತ್ತೇನೆ.